ನೂರು ಆಂಪ್ಸಿನ ಸಾಲು

ನಮ್ಮ ಸೋದರಮಾವನನ್ನು ಎಲ್ಲರೂ ಕರೆಯುತ್ತಿದ್ದದ್ದು ಕರೆಂಟ್ ಮಾವ ಎಂದೇ. ಅವರಿಗಿಂತ ಹತ್ತು ವರ್ಷ ದೊಡ್ಡವರೂ ಹಾಗೇ ಕರೆಯುತ್ತಿದ್ದರು. ನಲವತ್ತು ವರ್ಷ ವೈರಿಂಗ್ ಮಾಡಿದ ಮನುಷ್ಯ. ಕೇಬಲ್ಲಿನ ತುದಿಯನ್ನು ಎರಡು ಬೆರಳ ನಡುವೆ ಒಮ್ಮೆ ಉರುಳಿಸಿದರೆ ಸಾಕು, ಅದು ಎಷ್ಟು ಕರೆಂಟು ತಡೆಯುತ್ತದೆ ಎಂದು ಹೇಳಿಬಿಡುವರು. ಚಿಕ್ಕವರಿದ್ದಾಗ ನಾನೂ ಅಕ್ಕನೂ ಅವರ ಕಣ್ಣು ಕಟ್ಟಿ ಪರೀಕ್ಷೆ ಮಾಡಿದ್ದೇವೆ. ಒಂದು ಸಲವೂ ತಪ್ಪಲಿಲ್ಲ.

ಲೈಸೆನ್ಸ್ ಮಾತ್ರ ಅವರು ಮಾಡಿಸಲೇ ಇಲ್ಲ. ಬೆವರು ಇವರದು, ಸಹಿ ಲೈಸೆನ್ಸ್ ಇರುವ ಗುತ್ತಿಗೆದಾರನದು. ಪರೀಕ್ಷೆಗೆ ಕೂತ್ಕೋ ಎಂದು ಅಮ್ಮ ಬೈದರೆ, "ಕರೆಂಟಿಗೆ ಓದೋಕೆ ಬರುತ್ತೇನಕ್ಕಾ? ಅದು ತಂತಿ ನೋಡುತ್ತೆ, ಕಾಗದ ನೋಡಲ್ಲ" ಎನ್ನುತ್ತಿದ್ದರು. ಆಗ ನಾವು ನಗುತ್ತಿದ್ದೆವು. ಈಗ ಆ ಮಾತು ನೆನಪಾದರೆ ಮೈಯೆಲ್ಲ ಉರಿಯುತ್ತದೆ.

ನನ್ನ ಅಕ್ಕನದು ಬಟ್ಟೆ ಒಗೆಯುವ ಕೆಲಸ. ಗಂಡ ಬಿಟ್ಟುಹೋದ ವರ್ಷ ಮನೆಯ ಹಿಂದಿನ ಶೀಟಿನ ಕೆಳಗೆ ಒಂದೇ ಮೆಷಿನ್ನಿನಲ್ಲಿ ಶುರು ಮಾಡಿದವಳು. ಆ ಮೆಷಿನ್ನಿಗೆ ಲೈನ್ ಎಳೆದುಕೊಟ್ಟವರೂ ಮಾವನೇ. ಎಂಟು ವರ್ಷದ ಮೇಲೆ ಅವಳಿಗೆ ದೊಡ್ಡ ಕೆಲಸ ಸಿಕ್ಕಿತು. ಒಂದು ಆಸ್ಪತ್ರೆಯ ಮುನ್ನೂರು ಹಾಸಿಗೆಗಳ ಚಾದರ, ದಿಂಬಿನ ಚೀಲ, ಆಪರೇಷನ್ ಕೋಣೆಯ ಹಸಿರು ಬಟ್ಟೆ. ಬೆಳಿಗ್ಗೆ ತಂದದ್ದನ್ನು ಸಂಜೆಯೊಳಗೆ ಒಗೆದು ಒಣಗಿಸಿ ಇಸ್ತ್ರಿ ಮಾಡಿ ಕೊಡಬೇಕು. ಅದಕ್ಕೆ ದೊಡ್ಡ ಮೆಷಿನ್ನುಗಳು ಬೇಕು, ಮೆಷಿನ್ನುಗಳಿಗೆ ಐವತ್ತು ಕಿಲೋವ್ಯಾಟ್ ಕರೆಂಟು ಬೇಕು.

ಹುಡುಕಿ ಹುಡುಕಿ ಒಂದು ಮೂರು ಮಹಡಿಯ ಕಟ್ಟಡದ ನೆಲಮಹಡಿ ಸಿಕ್ಕಿತು. ಒಳಗೆ ಸಿಮೆಂಟಿನ ನೆಲ, ಒಂದು ಮೂಲೆಯಲ್ಲಿ ನೀರಿನ ತೊಟ್ಟಿ, ಮೆಟ್ಟಿಲ ಕೆಳಗೆ ಕಬ್ಬಿಣದ ಪೆಟ್ಟಿಗೆಯಲ್ಲಿ ಮೇನ್ ಸ್ವಿಚ್ಚು. ಮಾವ ನೇರ ಅಲ್ಲಿಗೇ ಹೋಗಿ ಮುಚ್ಚಳ ತೆಗೆದರು. ಕೇಬಲ್ ಮುಟ್ಟಿದರು. ಸ್ವಿಚ್ಚಿನ ಮೇಲೆ ಬರೆದದ್ದನ್ನು ಕನ್ನಡಕ ಏರಿಸಿ ಓದಿದರು.

"ನೂರು ಆಂಪ್ಸು, ಮೂರು ಫೇಸು. ಅರವತ್ತು ಕಿಲೋವ್ಯಾಟ್ ಹೂವಿನ ಹಾಗೆ ಎತ್ತುತ್ತೆ ಕಣೇ. ಕಣ್ಣು ಮುಚ್ಕೊಂಡು ಹಿಡಿ" ಎಂದರು ಅಕ್ಕನಿಗೆ.

ಬಾಡಿಗೆ ಕರಾರು ಬರೆಯುವ ದಿನ ನಾನೂ ಹೋಗಿದ್ದೆ. ನಾನು ಶಾಲೆಯಲ್ಲಿ ಟೀಚರು, ಓದಿದವಳು ಜೊತೆಗಿರಲಿ ಎಂದು ಕರೆದದ್ದು. ಕರಡಿನಲ್ಲಿ ವಿದ್ಯುತ್ ಸಾಮರ್ಥ್ಯ ಎಂಬಲ್ಲಿ ಜಾಗ ಖಾಲಿ ಬಿಟ್ಟಿದ್ದರು. ಟೈಪು ಮಾಡುವವ, "ಎಷ್ಟು ಅಂತ ಹಾಕಲಿ?" ಎಂದ. ಕಟ್ಟಡದ ಮಾಲೀಕ ಬಾಯಿ ತೆರೆಯುವ ಮೊದಲೇ ಮಾವ ಹೇಳಿದರು: "ಬರ್ಕೊಳ್ಳಿ. ಮಳಿಗೆಗೆ ಇರುವ ಸಾಮರ್ಥ್ಯ ಮೇನ್ ಸ್ವಿಚ್ಚಿನಲ್ಲಿ ಕಾಣುವಂತೆ ನೂರು ಆಂಪ್ಸ್, ಬಾಡಿಗೆದಾರರ ಕಡೆಯವರು ಪರೀಕ್ಷಿಸಿ ಒಪ್ಪಿದ್ದಾರೆ." ವಕೀಲರ ಭಾಷೆ ತನಗೂ ಬರುತ್ತದೆ ಎಂಬ ಹೆಮ್ಮೆ ಮುಖದ ತುಂಬ ಇತ್ತು. ಮಾಲೀಕ ಹುಳ್ಳಗೆ ನಕ್ಕ. ಆ ನಗು ನಾನು ನೋಡಿದೆ. ಓದಿದವಳು ನೋಡಿಯೂ ಸುಮ್ಮನಿದ್ದೆ. ಮೂರು ವರ್ಷ ಬಿಡುವಂತಿಲ್ಲ, ಅಲ್ಲಿಯವರೆಗೆ ಮೆಷಿನ್ನು ಹೊರಗೆ ಸಾಗಿಸುವಂತಿಲ್ಲ ಎಂಬ ಷರತ್ತಿಗೂ ಸಹಿ ಬಿತ್ತು. ಸಾಕ್ಷಿಯ ಜಾಗದಲ್ಲಿ ಮಾವನ ಸಹಿ.

ಹತ್ತೇ ದಿನ. ಎಲ್ಲ ಮೆಷಿನ್ನುಗಳೂ ಒಟ್ಟಿಗೆ ಓಡಿದ ಮೊದಲ ವಾರವೇ ವಿದ್ಯುತ್ ಕಚೇರಿಯಿಂದ ನೋಟಿಸು ಬಂತು. ಇಡೀ ಕಟ್ಟಡಕ್ಕೆ ಅವರು ಮಂಜೂರು ಮಾಡಿದ್ದು ಇಪ್ಪತ್ತೈದು ಕಿಲೋವ್ಯಾಟ್. ಅದರಲ್ಲಿ ಹತ್ತನ್ನು ಮೇಲಿನ ಎರಡು ಮಹಡಿಗಳಿಗೆ ಮಾಲೀಕ ಆಗಲೇ ಬರೆದುಕೊಟ್ಟಿದ್ದ. ಇನ್ನೊಮ್ಮೆ ಮೀರಿದರೆ ಫ್ಯೂಸ್ ಕೀಳುತ್ತೇವೆ ಎಂದು ನೋಟಿಸಿನಲ್ಲಿತ್ತು. ಸ್ವಿಚ್ಚು ತಡೆಯುವುದು ಬೇರೆ, ಕಚೇರಿ ಕೊಡುವುದು ಬೇರೆ. ಇಷ್ಟು ವರ್ಷ ಆ ಎರಡನೆಯ ಲೆಕ್ಕವನ್ನು ಗುತ್ತಿಗೆದಾರನೇ ನೋಡಿಕೊಳ್ಳುತ್ತಿದ್ದ. ಮಾವನ ಕೈಗೆ ಆ ಕಾಗದ ಒಂದು ದಿನವೂ ಬಂದಿರಲಿಲ್ಲ.

ಅಕ್ಕ ಮಾಲೀಕನ ಹತ್ತಿರ ಓಡಿದಳು. ಅವನು ಮೆಟ್ಟಿಲ ಕೆಳಗೆ ಕರೆದುಕೊಂಡು ಹೋಗಿ ಪೆಟ್ಟಿಗೆ ತೆರೆದು ತೋರಿಸಿದ. "ನೋಡಮ್ಮ, ನೂರು ಆಂಪ್ಸ್ ಇದೆಯಾ ಇಲ್ವಾ? ನಾನು ಬರ್ಕೊಟ್ಟಿದ್ದು ಸುಳ್ಳಾ? ನಿಮ್ಮ ಮಾವನವರೇ ಹೇಳಿ ಬರೆಸಿದ್ದಲ್ವಾ?"

ಮೆಷಿನ್ನು ಅರ್ಧ ಓಡಿಸಿದರೆ ಚಾದರ ಒಣಗುವುದಿಲ್ಲ. ಆಸ್ಪತ್ರೆಯವರು ಒಂದು ತಿಂಗಳ ಗಡುವು ಕೊಟ್ಟರು. ಅಷ್ಟರೊಳಗೆ ಬೇರೆ ಜಾಗಕ್ಕೆ ಹೋಗದಿದ್ದರೆ ಅಕ್ಕನ ಎಂಟು ವರ್ಷ ನೀರಿನಲ್ಲಿ ಹೋಮ. ಹೋಗಬೇಕಾದರೆ ಕರಾರು ಮುರಿಯಬೇಕು. ಜಗಳ ಬಂದರೆ ತೀರ್ಮಾನ ಹೇಳಲು ಕರಾರಿನಲ್ಲೇ ಒಬ್ಬ ನಿವೃತ್ತ ನ್ಯಾಯಾಧೀಶರನ್ನು ಗೊತ್ತು ಮಾಡಿದ್ದರು. ಅವರ ಮುಂದೆ ಹೋಗುವ ಮೊದಲು ನಮ್ಮ ವಕೀಲರು ಬಾಗಿಲು ಮುಂದೆ ಮಾಡಿ ಹೇಳಿದರು:

"ಕೆಲಸ ಬಲ್ಲವರು ನಿಮ್ಮ ಪರವಾಗಿ ನೋಡಿ ಒಪ್ಪಿದಾರೆ ಅಂತಾದ್ರೆ ಇವತ್ತೇ ಮುಗೀತು. ಏನೂ ತಿಳಿಯದವರ ಕೈಲಿ ಹೇಳಿಸಿ, ಮಂಜೂರಾತಿ ವಿಷಯ ಮಾಲೀಕ ಮುಚ್ಚಿಟ್ಟ ಅಂತಾದ್ರೆ ಮಾತ್ರ ನಿಲ್ಲುತ್ತೆ. ನಿಮ್ಮ ಮಾವನಿಗೆ ಲೈಸೆನ್ಸ್ ಇಲ್ವಲ್ಲ, ಒಳ್ಳೇದೇ ಆಯ್ತು."

ಒಳ್ಳೇದೇ ಆಯ್ತಂತೆ! ಅಕ್ಕ ನನ್ನ ಮುಖ ನೋಡಿದಳು. ಮಾವನಿಗೆ ಹೇಳುವ ಕೆಲಸ ನನ್ನ ತಲೆಗೆ ಬಂತು.

ಮೂರು ಸಂಜೆ ಅವರ ಮನೆಗೆ ಹೋಗಿ, ಮಕ್ಕಳಿಂದ ಮಗ್ಗಿ ಒಪ್ಪಿಸಿಕೊಂಡ ಹಾಗೆ ಉತ್ತರ ಒಪ್ಪಿಸಿಕೊಂಡೆ. ನೀವು ಯಾರು? ಕೂಲಿ ಕೆಲಸದವನು. ವೈರಿಂಗ್ ಗೊತ್ತಾ? ಇಲ್ಲ, ಗೋಡೆ ಕೊರೆದುಕೊಡ್ತಿದ್ದೆ. ಆಂಪ್ಸ್ ಅಂದ್ರೇನು? ಗೊತ್ತಿಲ್ಲ, ಸ್ವಿಚ್ಚಿನ ಮೇಲೆ ಬರೆದಿತ್ತು, ಓದಿ ಹೇಳಿದೆ. ಮೊದಲ ದಿನ ಮಾವ ಎದ್ದು ಒಳಗೆ ಹೋದರು. ಎರಡನೆಯ ದಿನ ಅತ್ತೆ ನನ್ನನ್ನು ಬೈದರು. ಮೂರನೆಯ ದಿನ ಒಂದೂ ತಪ್ಪಿಲ್ಲದೆ ಒಪ್ಪಿಸಿದರು. ನಾನು "ಸರಿ ಇದೆ ಮಾವ" ಎಂದೆ, ಶಾಲೆಯಲ್ಲಿ ಹೇಳುವ ದನಿಯಲ್ಲೇ. ನನ್ನ ನಾಲಿಗೆ ಅವತ್ತು ಬಿದ್ದುಹೋಗಬಾರದಿತ್ತೇ.

ನ್ಯಾಯಾಧೀಶರ ಮನೆಯ ಮುಂದಿನ ಕೋಣೆಯಲ್ಲಿ ಉದ್ದದ ಮೇಜು, ಆರು ಕುರ್ಚಿ. ಮಾವ ಕುರ್ಚಿಯ ತುದಿಯಲ್ಲಿ ಕೂತರು. ಮಾಲೀಕನ ವಕೀಲ ಕೆಣಕಿದ: "ನಲವತ್ತು ವರ್ಷದ ಅನುಭವ, ಕರೆಂಟ್ ಮಾವ ಅಂತ ಕರೀತಾರಂತಲ್ಲ?"

"ತಮಾಷೆಗೆ ಕರೀತಾರೆ ಸ್ವಾಮಿ."

"ಒಂದು ಬಲ್ಬಾದ್ರೂ ಹಾಕಿದೀರಾ?"

ಮಾವ ಮೇಜಿನ ಮೇಲಿದ್ದ ಕೈ ಕೆಳಗಿಳಿಸಿದರು. ಹೌದು ಎಂದುಬಿಡಲಿ ಎಂದು ನನ್ನ ಅರ್ಧ ಮನಸ್ಸು ಬೇಡುತ್ತಿತ್ತು.

"ಮನೇಲಿ ಹಾಕಿದೀನಿ. ಅದನ್ನ ಯಾರು ಬೇಕಾದ್ರೂ ಹಾಕ್ತಾರೆ."

ನಾವು ಗೆದ್ದೆವು. ಕರಾರು ರದ್ದಾಯಿತು. ಲೈಸೆನ್ಸ್ ಇಲ್ಲ, ಸಹಿ ಮಾಡಿದ ದಾಖಲೆ ಒಂದೂ ಇಲ್ಲ, ಆದ್ದರಿಂದ ಇವರು ತಿಳಿದವರಲ್ಲ ಎಂದು ನ್ಯಾಯಾಧೀಶರು ಬರೆದರು. ಕಾಗದದ ಮಟ್ಟಿಗೆ ಅದು ಸುಳ್ಳೂ ಆಗಿರಲಿಲ್ಲ. ನಲವತ್ತು ವರ್ಷ ಹಾಕಿದ ಲೈನುಗಳೆಲ್ಲ ಬೇರೆಯವರ ಹೆಸರಿನಲ್ಲೇ ಇದ್ದವು.

ಅಕ್ಕನ ಹೊಸ ಜಾಗದಲ್ಲಿ ಮೆಷಿನ್ನು ಇಳಿಸಿದ ದಿನ ಬೆಳಿಗ್ಗೆಯೇ ಮಾವ ತಮ್ಮ ಚೀಲ ಹೆಗಲಿಗೆ ಹಾಕಿಕೊಂಡು ಬಂದರು. ಅಕ್ಕ ಬಾಗಿಲಲ್ಲೇ ತಡೆದಳು.

"ಮಾವ, ಬೇಜಾರು ಮಾಡ್ಕೋಬೇಡಿ. ಈ ಸಲ ಲೈಸೆನ್ಸ್ ಇರೋರಿಗೇ ಕೊಟ್ಟಿದೀನಿ. ಹಳೇ ಮಾಲೀಕನ ಕಡೆಯವರು ಯಾರಾದ್ರೂ ನೋಡಿ, ಅವತ್ತು ಗೊತ್ತಿಲ್ಲ ಅಂದೋರು ಇವತ್ತು ವೈರಿಂಗ್ ಮಾಡ್ತಿದಾರೆ ಅಂದ್ರೆ?"

"ಅದೂ ಸರಿ ಕಣಮ್ಮ" ಎಂದು ಮಾವ ಗೋಡೆ ಪಕ್ಕದ ಸ್ಟೂಲಿನ ಮೇಲೆ ಕೂತರು. ಚೀಲ ಕಾಲ ಹತ್ತಿರ ಇಟ್ಟುಕೊಂಡರು. ಹತ್ತಿದ ಏಣಿ ಒದೆಯುವುದು ಎಂದರೆ ಇದೇ. ಅಕ್ಕನೊಬ್ಬಳೇ ಒದ್ದಳು ಎಂದು ನಾನು ಹೇಳಲಾರೆ.

ಮಧ್ಯಾಹ್ನ ಬಟ್ಟೆ ಒಣಗಿಸುವ ಮೆಷಿನ್ನು ಚಾಲೂ ಮಾಡಿದರು. ಡ್ರಮ್ಮು ತಿರುಗಿತು, ಹೀಟರ್ ಬಿಸಿಯಾಯಿತು, ಚಾದರ ಮಾತ್ರ ಒದ್ದೆಯಾಗಿಯೇ ಉಳಿಯಿತು. ಗುತ್ತಿಗೆದಾರನ ಜನ ಹೀಟರ್ ಬಿಚ್ಚಿದರು, ಕಟ್ಟಿದರು, ಮತ್ತೆ ಬಿಚ್ಚಿದರು. ನಾನು ಮಾವನ ಪಕ್ಕ ಹೋಗಿ ನಿಂತೆ. ಅವರು ತಲೆ ಎತ್ತದೆ, ನನಗೆ ಮಾತ್ರ ಕೇಳುವ ಹಾಗೆ ಹೇಳಿದರು:

"ಶಬ್ದ ಕೇಳಲ್ವೇನೇ? ಒಳಗಿನ ಫ್ಯಾನು ಉಲ್ಟಾ ತಿರುಗ್ತಿದೆ. ಎರಡು ಫೇಸಿನ ತಂತಿ ಅದಲುಬದಲು ಮಾಡೋಕೆ ಹೇಳು. ನಾನು ಹೇಳಿದೆ ಅಂತ ಹೇಳ್ಬೇಡ."

ಹೋಗಿ ಹೇಳಿದೆ. ಎರಡು ನಿಮಿಷದ ಕೆಲಸ. ಬಿಸಿ ಗಾಳಿ ಭರ್ ಎಂದು ಬಂತು. ಗುತ್ತಿಗೆದಾರ ಕೈ ಒರೆಸಿಕೊಳ್ಳುತ್ತಾ ಎಲ್ಲರ ಮುಂದೆ ನಕ್ಕ. "ಟೀಚರಮ್ಮನಿಗೆ ನಮಗಿಂತ ಚೆನ್ನಾಗಿ ಕರೆಂಟ್ ಗೊತ್ತು ಬಿಡಿ!" ಅಕ್ಕನೂ ನಕ್ಕಳು. ಸ್ಟೂಲಿನ ಮೇಲೆ ಕೂತಿದ್ದ ಮಾವನೂ ತಲೆಯಾಡಿಸಿ ನಕ್ಕರು.

ನಾನು ಅಲ್ಲ ಎನ್ನಲಿಲ್ಲ.