ನೀರು ಕುಡಿಯುವ ದಾರ

ಟೈಲರ್ ಮಾಸ್ಟ್ರು ಸ್ವಂತ ಮಂಚ ಬಿಟ್ಟು ಬಯಲಲ್ಲಿ ಮಲಗಿದ್ದು ಇಡೀ ಆಯುಷ್ಯದಲ್ಲಿ ಒಂದೇ ಸಲ. ಆ ಒಂದು ಸಲಕ್ಕೆ ಅವರು ಕಟ್ಟಿಕೊಂಡ ಗಂಟು ನೋಡಿದವರು, ಈ ಮನುಷ್ಯ ಮನೆ ಖಾಲಿ ಮಾಡುತ್ತಿದ್ದಾರೆ ಅಂದುಕೊಳ್ಳಬೇಕು. ಮಡಿಸುವ ಸ್ಟೂಲು, ಕಾಲೊರೆಸುವ ಚಾಪೆ, ಎರಡು ದಿಂಬು, ಗೋಡೆ ಕನ್ನಡಿ, ಜೊತೆಗೆ ಒಂದು ಹಿತ್ತಾಳೆ ಬೀಗ.

"ಬೀಗ ಯಾಕೆ ಮಾಸ್ಟ್ರೇ? ಟೆಂಟಿಗೆ ಇರೋದು ಬಟ್ಟೆ ಬಾಗಿಲು," ಎಂದ ಪಂಕ್ಚರ್.

"ಇರಲಿ ಕಣಯ್ಯ. ಬೀಗ ನೋಡಿದ್ರೆ ಮರ್ಯಾದಸ್ಥ ಪ್ರಾಣಿ ಹಾಗೇ ವಾಪಸ್ ಹೋಗುತ್ತೆ."

ಪಂಕ್ಚರ್ ಪಕ್ಕದ ಸೈಕಲ್ ರಿಪೇರಿ ಅಂಗಡಿಯವನು. ಎರಡು ಅಂಗಡಿಗಳ ನಡುವೆ ಇದ್ದದ್ದು ಒಂದು ಹಲಗೆಗೋಡೆ. ಮೂವತ್ತೊಂದು ವರ್ಷ ಅದರ ಆ ಕಡೆ ಹೊಲಿಗೆ ಮೆಷಿನ್ನು ಕಟಕಟ ಅನ್ನುತ್ತಿತ್ತು, ಈ ಕಡೆ ಗಾಳಿ ಪಂಪು ಉಸಿರು ಬಿಡುತ್ತಿತ್ತು. ಮಾಸ್ಟ್ರು ಯಾವಾಗಲೂ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುತ್ತಿದ್ದರು. ಗಿರಾಕಿಗಳಿಗೆ ಒಂದಕ್ಷರವೂ ತಿಳಿಯುತ್ತಿರಲಿಲ್ಲ. ಅವರು ಪಂಕ್ಚರನ ಅಂಗಡಿಗೆ ಬಂದು, "ಸ್ವಲ್ಪ ಬನ್ನಿ, ಪ್ಯಾಂಟು ಗುರುವಾರ ಅಂದ್ರೋ ಶನಿವಾರ ಅಂದ್ರೋ ಹೇಳಿ" ಎನ್ನುತ್ತಿದ್ದರು. ಪಂಕ್ಚರ್ ಗ್ರೀಸಿನ ಕೈ ಒರೆಸಿಕೊಂಡು ಹೋಗಿ ಅರ್ಥ ಹೇಳಿ ಬರುತ್ತಿದ್ದ. ಅಳತೆ ಟೇಪು ಮಾಸ್ಟ್ರ ಕುತ್ತಿಗೆಯಿಂದ ಇಳಿದದ್ದನ್ನು ಕಂಡವರಿಲ್ಲ. ಮಗಳು ಪದವಿ ಪಡೆದ ದಿನದ ಫೋಟೋದಲ್ಲಿ ಅವಳ ಕೊರಳಲ್ಲಿ ಪದಕವಿದೆ, ಪಕ್ಕದಲ್ಲಿ ಅಪ್ಪನ ಕೊರಳಲ್ಲಿ ಟೇಪಿದೆ. ಇಬ್ಬರಲ್ಲಿ ಹೆಚ್ಚು ಬೀಗುತ್ತಿರುವವರು ಅಪ್ಪ.

ಇನ್ನೊಂದು ಪದ್ಧತಿಯಿತ್ತು. ಒಂದು ಬೆಳಿಗ್ಗೆ ಮಾಸ್ಟ್ರು ಸೂಜಿ ಚುಚ್ಚುವ ಪುಟ್ಟ ದಿಂಬನ್ನೂ ದಾರದ ಉಂಡೆಯನ್ನೂ ತಂದು ಪಂಕ್ಚರನ ಮುಂದಿಟ್ಟರು. "ಬೆಳಿಗ್ಗೆ ಬೆಳಿಗ್ಗೆ ನಿನಗೆ ಕೆಲಸ ಇರಲ್ಲ. ಕೈ ಜಡ್ಡುಗಟ್ಟುತ್ತೆ. ಇವಕ್ಕೆ ದಾರ ಪೋಣಿಸು," ಎಂದರು. ಇಪ್ಪತ್ತು ಸೂಜಿ. ಪಂಕ್ಚರ್ ಪೋಣಿಸಿಕೊಟ್ಟ. ಮರುದಿನವೂ ದಿಂಬು ಬಂತು. ಮಾಸ್ಟ್ರಿಗೆ ಸೂಜಿಯ ಕಣ್ಣು ಕಾಣುತ್ತಿಲ್ಲ ಎಂಬುದು ಮೂರನೇ ದಿನಕ್ಕೇ ಅವನಿಗೆ ಹೊಳೆಯಿತು. ಆದರೆ ಅವನು ಕೇಳಲಿಲ್ಲ, ಅವರು ಹೇಳಲಿಲ್ಲ. "ನಿನ್ನ ಕೈ ಜಡ್ಡು ಬಿಟ್ಟಿತೇನಯ್ಯಾ?" ಎಂದು ಮಾಸ್ಟ್ರು ಗಂಭೀರವಾಗಿ ವಿಚಾರಿಸುತ್ತಿದ್ದರು. "ಪರವಾಗಿಲ್ಲ, ನಿಮ್ಮ ದಯೆ," ಎನ್ನುತ್ತಿದ್ದ ಪಂಕ್ಚರ್.

ಏಳೆಂಟು ವರ್ಷ ಹೀಗೇ ನಡೆದ ಮೇಲೆ ಮಗಳಿಗೆ ಕಾಡಿನಲ್ಲಿ ಮರ ಎಣಿಸುವ ಕೆಲಸ ಸಿಕ್ಕಿತು. ಆರು ತಿಂಗಳು ಹಳ್ಳದಾಚೆ, ರಸ್ತೆಯೂ ದೀಪವೂ ಇಲ್ಲದ ದಟ್ಟ ಕಾಡಿನೊಳಗೆ ಟೆಂಟಿನಲ್ಲೇ ವಾಸ. ಅಂಗಡಿಯಲ್ಲಿ ಸಿಗುವ ಟೆಂಟು ತರುತ್ತೇನೆ ಎಂದಳು. ಮಾಸ್ಟ್ರು ಬಾಯಿಂದ ಸೂಜಿ ತೆಗೆದರು. "ಅಂಗಡಿ ಟೆಂಟು ಅಂದ್ರೆ ಕಾಲು ಬಂದಿರೋ ಕೊಡೆ. ನಾನು ಬದುಕಿರುವಾಗ ನೀನು ಕೊಡೆಯೊಳಗೆ ಮಲಗಬೇಕಾ?"

ಒಂದೂವರೆ ತಿಂಗಳು ದಪ್ಪ ಕ್ಯಾನ್ವಾಸ್ ಬಟ್ಟೆ ಅಂಗಡಿಯನ್ನೆಲ್ಲ ತುಂಬಿಕೊಂಡಿತ್ತು. ಉದ್ದದ ಹೊಲಿಗೆ ಮೆಷಿನ್ನಿನಲ್ಲಾಯಿತು. ಆರೇಳು ಪದರ ಸೇರುವ ನಾಲ್ಕು ಮೂಲೆಗಳನ್ನು ಮಾತ್ರ ಕೈಯಲ್ಲೇ ಹೊಲಿಯಬೇಕು. ಎಲ್ಲ ಮುಗಿದ ದಿನ ಮಾಸ್ಟ್ರು ಹಲಗೆಗೋಡೆಗೆ ಒರಗಿ ನಿಂತು, ಬಾಯಲ್ಲಿ ಒಂದು ಸೂಜಿಯೂ ಇಲ್ಲದೆ ಮಾತಾಡಿದರು.

"ಇದನ್ನ ಹಳ್ಳದ ಪಕ್ಕ ಹಾಕಿ ನೋಡ್ಬೇಕು. ಒಂದು ಹನಿ ಒಳಗೆ ಬಂದ್ರೂ ಅಂಗಡಿ ಮುಚ್ತೀನಿ. ಮಗಳ ತಲೆ ಮೇಲೆ ನೀರು ಸುರಿಸೋ ಕೈ ಊರವರ ಬಟ್ಟೆ ಮುಟ್ಟಬಾರದು."

ಪಂಕ್ಚರ್ ತಾನೂ ಜೊತೆಗೆ ಹೊರಟ.

ಬಸ್ಸು ನಿಲ್ಲುವ ಕೊನೆಯ ಜಾಗದಿಂದ ಅರ್ಧ ಗಂಟೆ ನಡೆದರೆ ಹಳ್ಳ. ದಂಡೆಯಲ್ಲಿ ಸಮ ಮಾಡಿದ ನಾಲ್ಕು ತುಂಡು ನೆಲ, ಪ್ರತಿಯೊಂದರ ಮುಂದೆ ಮೂರು ಕಲ್ಲಿನ ಒಲೆ, ದೂರದಲ್ಲಿ ತಗಡಿನ ಕಕ್ಕಸು. ಅಷ್ಟೇ ಅನುಕೂಲ. ನೀರಿನಾಚೆ ಕಾಡು ಗೋಡೆಯಂತೆ ಎದ್ದಿತ್ತು. ಮಾಸ್ಟ್ರು ಅದನ್ನು ಮೇಲಿಂದ ಕೆಳಗೆ ನೋಡಿ, "ತುಂಬಾ ಬಟ್ಟೆ ಹಾಳು ಮಾಡಿದಾರೆ, ಫಿಟ್ಟಿಂಗೇ ಇಲ್ಲ," ಎಂದರು. ಟೆಂಟು ನಿಲ್ಲಿಸುವಾಗ ಗೂಟದಿಂದ ಗೂಟಕ್ಕೆ ಟೇಪು ಹಿಡಿದರು. ಅರ್ಧ ಇಂಚು ವ್ಯತ್ಯಾಸ ಬಂದದ್ದಕ್ಕೆ ನೆಲವನ್ನು ಬೈದರು. ಕನ್ನಡಿಯನ್ನು ಮರದ ಕೊಂಬೆಗೆ ನೇತುಹಾಕಿ ತಲೆ ಬಾಚಿಕೊಂಡರು.

"ಯಾರು ನೋಡ್ತಾರೆ ಮಾಸ್ಟ್ರೇ?"

"ಮೊದಲನೇ ಸಲ ಬಂದಿದೀವಿ. ಒಂದು ರೀತಿ ನೀತಿ ಬೇಡ್ವಾ?"

ಆಕಾಶ ಮಾತ್ರ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಮಧ್ಯಾಹ್ನದವರೆಗೆ ಕಾದರೂ ಒಂದು ಮೋಡವಿಲ್ಲ. ಕೊನೆಗೆ ಮಾಸ್ಟ್ರು ಟೆಂಟಿನ ನೆಲಕ್ಕೆ ಹಳೇ ಪೇಪರು ಹಾಸಿದರು. ನೆನೆದ ಕ್ಯಾನ್ವಾಸನ್ನು ಒಳಗಿಂದ ಮುಟ್ಟಿದರೆ ಮುಟ್ಟಿದಲ್ಲೇ ಸೋರುತ್ತದೆ, ಹಾಗಾಗಿ ಕೈಯಾಡಿಸಿ ನೋಡುವಂತಿಲ್ಲ. ಹನಿ ಬಿದ್ದರೆ ಪೇಪರಿನ ಮೇಲೆ ಸದ್ದಾಗುತ್ತದೆ. ಕಣ್ಣಿನ ಕೆಲಸವನ್ನು ಕಿವಿಗೆ ವಹಿಸಿದ್ದರು ಎಂಬುದು ಪಂಕ್ಚರನಿಗೆ ಗೊತ್ತಾಯಿತು. ಅವರು ಸ್ಟೂಲು ಹಾಕಿಕೊಂಡು ಒಳಗೆ ಕೂತು, "ಮಳೆ ಸುರಿಸಯ್ಯಾ," ಎಂದು ಅಪ್ಪಣೆ ಕೊಟ್ಟರು.

ಪಂಕ್ಚರ್ ಪ್ಯಾಂಟು ಮಡಚಿ ಹಳ್ಳಕ್ಕಿಳಿದ. ಬಕೆಟ್ಟಿನಲ್ಲಿ ನೀರು ಹೊತ್ತು ತಂದು ಟೆಂಟಿನ ಮೇಲೆ ಸುರಿದ. ಸೊಂಟ ಹಿಡಿಯಿತು.

"ಇದೇನು ಮಳೆನಾ, ತುಂತುರಾ? ಸರಿಯಾಗಿ ಸುರಿ," ಎಂದಿತು ಟೆಂಟು.

"ಮೋಡಕ್ಕೆ ಅರವತ್ತು ದಾಟಿದೆ ಮಾಸ್ಟ್ರೇ."

ಹದಿನೇಳನೇ ಬಕೆಟ್ಟು ಸುರಿದ ಮೇಲೆ ಒಳಗಿಂದ ಬೈಗುಳ ಬರಲಿಲ್ಲ. ಪಂಕ್ಚರ್ ಬಟ್ಟೆ ಸರಿಸಿ ಇಣುಕಿದ. ಟಪ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಪ್. ಹಿಂದಿನ ಬಲಮೂಲೆಯ ಕೆಳಗೆ ಪೇಪರಿನ ಮೇಲೆ ರೂಪಾಯಿಯಗಲದ ಒದ್ದೆ. ಮಾಸ್ಟ್ರು ಆ ಕಡೆ ಮುಖ ಮಾಡಿ ಕೂತಿದ್ದರು. ಕುತ್ತಿಗೆಯಿಂದ ಟೇಪು ತೆಗೆದು ಸುತ್ತುತ್ತಿದ್ದರು.

"ಸಾಕು ಬಿಡು. ಬಕೆಟ್ಟು ಕೆಳಗಿಡು," ಎಂದರು.

ಪಂಕ್ಚರ್ ಆ ಮೂಲೆಯ ಹತ್ತಿರ ಬಗ್ಗಿ ಹೊಲಿಗೆ ನೋಡಿದ. ದಾರ ಹೊಳೆಯುತ್ತಿತ್ತು. ಟೆಂಟಿನ ಮೂಲೆ ಹೊಲಿಯುತ್ತಿದ್ದಾಗ ಒಂದು ಬೆಳಿಗ್ಗೆ ಹತ್ತಿ ದಾರದ ಉಂಡೆ ಮುಗಿದಿತ್ತು. ಉಳಿದ ಆರು ಸೂಜಿಗೆ ತನ್ನ ಅಂಗಡಿಯಲ್ಲಿದ್ದ, ಸೈಕಲ್ ಸೀಟು ಹೊಲಿಯುವ ನೈಲಾನ್ ದಾರವನ್ನೇ ಪೋಣಿಸಿಬಿಟ್ಟಿದ್ದ. ಬಣ್ಣ ಒಂದೇ. ಆನೆ ಎಳೆದರೂ ಹರಿಯದ ದಾರ, ಹುಡುಗಿಗೆ ಒಳ್ಳೆಯದೇ ಆಗಲಿ ಎಂದುಕೊಂಡಿದ್ದ.

ಹೇಳಿದರೆ ಇಷ್ಟು ವರ್ಷ ಇಬ್ಬರೂ ಮುಚ್ಚಿಟ್ಟದ್ದು ಬಯಲಾಗುತ್ತದೆ. ಹೇಳದಿದ್ದರೆ ಹಲಗೆಗೋಡೆಯ ಆ ಕಡೆ ನಾಳೆಯಿಂದ ಸದ್ದಿಲ್ಲ.

"ಮಾಸ್ಟ್ರೇ, ನಿಮ್ಮ ಕೈ ತಪ್ಪಲ್ಲ ಇದು. ದಾರದ್ದು. ನಾನೇ ನೈಲಾನ್ ಪೋಣಿಸಿದ್ದು. ನಿಮಗೆ ಕಾಣಲಿಲ್ಲ."

ಮಾಸ್ಟ್ರು ಎದ್ದು ಬಂದು, ಮುಟ್ಟಬಾರದ ಮೂಲೆಯನ್ನು ಹೆಬ್ಬೆರಳಿನಿಂದ ತೀಡಿದರು. ನೀರು ಮೊಣಕೈವರೆಗೆ ಇಳಿಯಿತು.

"ಹೊಲಿಯುವಾಗಲೇ ಜಾರ್ತಿತ್ತು," ಎಂದರು ಮೆಲ್ಲಗೆ. "ಕಣ್ಣು ಹೋದ ಹಾಗೆ ಬೆರಳೂ ಹೋಯ್ತು ಅಂದ್ಕೊಂಡೆ."

"ಬೆರಳು ಸರಿಯಾಗೇ ಹೇಳಿತ್ತು."

"ಹತ್ತಿ ದಾರ ನೀರು ಕುಡಿದು ಉಬ್ಬುತ್ತೆ, ಸೂಜಿ ಮಾಡಿದ ತೂತನ್ನ ತಾನೇ ಮುಚ್ಚುತ್ತೆ. ನಿನ್ನ ನೈಲಾನು ನಿನ್ನ ಹಾಗೇ, ಗಟ್ಟಿ ಇದೆ, ಒಳಗೆ ಏನೂ ಇಳಿಯಲ್ಲ." ಆಮೇಲೆ ಟೇಪನ್ನು ಬಿಚ್ಚಿ ಮತ್ತೆ ಕೊರಳಿಗೆ ಹಾಕಿಕೊಂಡರು. "ಏಳೆಂಟು ವರ್ಷ ನಿನಗೆ ಗೊತ್ತಿತ್ತಾ?"

"ಮೂರನೇ ದಿನದಿಂದ."

"ಕಳ್ಳ. ದಿಂಬು ನನ್ನ ಚೀಲದಲ್ಲಿದೆ, ತಗೊಂಡು ಬಾ. ಹತ್ತಿ ದಾರ."

ಬಿಸಿಲಿರುವಾಗಲೇ ಮೂಲೆ ಬಿಚ್ಚಿ ಹೊಸದಾಗಿ ಹೊಲಿದಾಯಿತು. ಪಂಕ್ಚರ್ ಇನ್ನೂ ಇಪ್ಪತ್ತೆರಡು ಬಕೆಟ್ಟು ಮಳೆಯಾದ. ಪೇಪರು ಸದ್ದು ಮಾಡಲಿಲ್ಲ. ಮಲಗುವ ಮುಂಚೆ ಮಾಸ್ಟ್ರು ಬಾಗಿಲ ದಾರಕ್ಕೆ ಹಿತ್ತಾಳೆ ಬೀಗ ಜಡಿದರು. ಬೆಳಿಗ್ಗೆ ಎದ್ದಾಗ ಬೀಗದ ಕೈ ಹೊರಗಿನ ಕೊಂಬೆಯಲ್ಲಿ, ಕನ್ನಡಿಯ ಪಕ್ಕ ನೇತಾಡುತ್ತಿತ್ತು. ಇಬ್ಬರು ಹಿರಿಯರೂ ಬಟ್ಟೆಯಡಿಯಿಂದ ಹೊಟ್ಟೆ ಎಳೆದುಕೊಂಡು ತೆವಳಿ ಹೊರಬಂದದ್ದನ್ನು ಕಂಡ ಮರ್ಯಾದಸ್ಥ ಪ್ರಾಣಿ ಯಾವುದೂ ಇದ್ದಂತಿಲ್ಲ.

ಅಂಗಡಿ ಇನ್ನೂ ಐದು ವರ್ಷ ನಡೆಯಿತು. ದಿಂಬು ದಿನವೂ ಬಂತು. ಒಂದು ಮಂಗಳವಾರ ಪಂಕ್ಚರ್ ಇಪ್ಪತ್ತೂ ಪೋಣಿಸಿ ಕಾದು ಕೂತ. ತೆಗೆದುಕೊಂಡು ಹೋಗಲು ಮಾಸ್ಟ್ರು ಬರಲಿಲ್ಲ.

ಅವರ ಉತ್ತರಕ್ರಿಯೆಯೆಲ್ಲ ಮುಗಿದ ಎರಡು ವಾರಕ್ಕೆ ಮಗಳು ಟೆಂಟು ಹೊತ್ತುಕೊಂಡು ಬಂದಳು. ಕೊಂಬೆ ಬಿದ್ದು ಪಕ್ಕ ಹರಿದಿತ್ತು. "ಮಾಮ, ಇದನ್ನ ಯಾರ ಕೈಗೂ ಕೊಡೋಕೆ ಮನಸ್ಸು ಬರ್ತಿಲ್ಲ," ಎಂದಳು. ಪಂಕ್ಚರ್ ದಿಂಬನ್ನು ಅವಳ ಮುಂದಿಟ್ಟ. ಅವಳು ಅಪ್ಪನ ಸ್ಟೂಲಿನ ಮೇಲೆ ಕೂತು ಹೊಲಿಯತೊಡಗಿದಳು. ಹೊಲಿಗೆ ಕುಡಿದವನ ನಡಿಗೆಯ ಹಾಗೆ ಹೋಗುತ್ತಿತ್ತು. ಪಂಕ್ಚರ್ ಸುಮ್ಮನಿರಲು ನೋಡಿದ, ಆಗಲಿಲ್ಲ. ಮೇಜಿನ ಮೇಲಿದ್ದ ಎರಡು ಗುಂಡುಸೂಜಿ ತುಟಿಗಿಟ್ಟುಕೊಂಡು ಏನೋ ಗೊಣಗಿದ.

ಅವಳು ತಲೆಯೆತ್ತಿ ಅವನನ್ನು ನೋಡಿದಳು. ಆಮೇಲೆ ಹಾಕಿದ್ದ ಹೊಲಿಗೆಯನ್ನೆಲ್ಲ ಬಿಚ್ಚಿ, ಮೊದಲಿಂದ ಶುರು ಮಾಡಿದಳು.