ಎಲ್ವುಡ್ ಪ್ರಾಯರ್ ಕಡೆಗೂ ಕೂತ ಮನೆ

ಡಾಟಿ ಹಾಲ್ವರ್ಸನ್ ತಲೆಗೆ ಟವೆಲ್ ಸುತ್ತಿಕೊಂಡು ಅಡುಗೆಮನೆಗೆ ಬಂದಾಗ, ಕಾದಂಬರಿಕಾರ ಎಲ್ವುಡ್ ಪ್ರಾಯರ್ ಬರೀ ಕಾಲುಚೀಲದಲ್ಲಿ ಅವಳ ಫ್ರಿಜ್ಜಿನ ಮುಂದೆ ನಿಂತು ಅವಳದೇ ಆಪಲ್ ಪೈ ಮೇಯುತ್ತಿದ್ದ.

"ಎಲ್ವುಡ್! ಈ ಮನೇನ ನೀವೇ ನಮಗೆ ಮಾರಿ ಎರಡು ವರ್ಷ ಆಯ್ತಲ್ರೀ!"

ಅದು ಅವನು ಹುಟ್ಟಿ ಬೆಳೆದ ಮನೆ. ಯೋಚನೆಯಲ್ಲಿದ್ದವನ ಕಾಲು ಹಳೇ ದಾರಿ ಹಿಡಿದಿತ್ತು. ಅಮೆರಿಕದ ವರ್ಮಾಂಟ್ ರಾಜ್ಯದ ನಮ್ಮೂರಲ್ಲಿ ಹಿಂಬಾಗಿಲಿಗೆ ಯಾರೂ ಬೀಗ ಹಾಕುವುದಿಲ್ಲ. ನಾಚಿಕೆಯಿಂದ ಎಲ್ವುಡ್ ಕುರ್ಚಿಗೆ ಕುಸಿದ.

ಯೋಚನೆಗೆ ಕಾರಣ ಹಿಂದಿನ ರಾತ್ರಿ ಹೆಂಡತಿ ಮಾವಿಸ್ ಆಡಿದ ಮಾತು. "ಇನ್ನೊಂದ್ಸಲ ಮನೆ ಖಾಲಿ ಮಾಡೋಕೆ ಅಂತ ಆ ರಟ್ಟಿನ ಪೆಟ್ಟಿಗೆಗಳು ಅಟ್ಟದಿಂದ ಇಳಿದ್ರೆ, ನಿನ್ನ ಸಾಮಾನು ಮಾತ್ರ ತುಂಬ್ಕೋ. ನಾನು ಬರಲ್ಲ."

ಅವಳ ತಪ್ಪಲ್ಲ. ಕಾಗದದ ಗಿರಣಿ ಕೆಲಸಗಾರನ ಮಗ ಎಲ್ವುಡ್‌ಗೆ ಮೊದಲ ಕಾದಂಬರಿಗೇ ದೊಡ್ಡ ಬಹುಮಾನ ಬಂತು, ಅಲ್ಲಿಂದ ನೆಮ್ಮದಿ ಹೋಯಿತು. ಒಂದೊಂದು ಕಾಲೇಜಿನಲ್ಲಿ ಒಂದೊಂದು ವರ್ಷ ಪಾಠ ಹೇಳಿದ. ಒಂದೂರಲ್ಲಿ ಗದ್ದಲ ಜಾಸ್ತಿ, ಇನ್ನೊಂದರಲ್ಲಿ ಮೌನ ಜಾಸ್ತಿ. ಮೂರನೇ ಪುಟಕ್ಕೆ ಕುರ್ಚಿ ಬಿಡುವುದು, ಮೂವತ್ತನೇ ಪುಟಕ್ಕೆ ಊರು ಬಿಡುವುದು. ಪ್ರಕಾಶಕರು ಕಾದರು, ಎರಡನೇ ಕಾದಂಬರಿ ಬರಲಿಲ್ಲ. ಹುಟ್ಟೂರಿಗೆ ಮರಳಿದ ಮೇಲೂ ಬೀದಿಯಿಂದ ಬೀದಿಗೆ ಮನೆ ಬದಲಿಸಿದ.

ಈಗ ಎದ್ದು ಹೊರಡೋಣವೆಂದರೆ ಡಾಟಿಯ ಮುದಿ ನಾಯಿ ಟ್ಯಾಂಕ್ ಅವನ ಪಾದಗಳ ಮೇಲೆ ಮಲಗಿಬಿಟ್ಟಿತ್ತು. ಕಾಲು ಅಲುಗಿಸಿದರೆ ಗುರ್ರೆಂದಿತು.

"ಅದರ ನಿದ್ದೆ ಕೆಡಿಸಬೇಡಿ, ಕೀಲುನೋವು ಪಾಪ. ಮಧ್ಯಾಹ್ನಕ್ಕೆ ತಾನೇ ಏಳತ್ತೆ. ನಾನು ಕೆಲಸಕ್ಕೆ ಹೊರಟೆ," ಎಂದಳು ಡಾಟಿ.

ಎಲ್ವುಡ್ ಬೇರೇನೂ ತೋಚದೆ ಮೇಜಿನ ಮೇಲಿದ್ದ ದಿನಸಿಯ ಕಾಗದದ ಚೀಲದ ಮೇಲೆ ಬರೆಯತೊಡಗಿದ. ಮರುದಿನವೂ ಬಂದ, ಈ ಸಲ ಬಾಗಿಲು ತಟ್ಟಿ. ಹಿಮ ಬಿದ್ದು ಕರಗುವವರೆಗೂ ಬಂದ.

"ಬೇರೆಯವಳ ಅಡುಗೆಮನೇಲಿ ದಿನಾ ಬಿದ್ದಿರ್ತೀಯಂತೆ?" ಎಂದು ಮಾವಿಸ್ ಕೆಣಕಿದಳು.

"ಪೆಟ್ಟಿಗೆ ಅಟ್ಟದ ಮೇಲೇ ಇದೆಯಲ್ಲ, ಸುಮ್ನಿರು."

ಕಾದಂಬರಿ ಮುಗಿಯಿತು. ಊರಿನ ಗ್ರಂಥಾಲಯದಲ್ಲಿ ಸಭೆ. ಹುಟ್ಟಿದ ಮಣ್ಣಿನ ಮಹಿಮೆ ಎಂದು ನಾವೆಲ್ಲ ಆಗಲೇ ತೀರ್ಮಾನಿಸಿದ್ದೆವು. ಗ್ರಂಥಪಾಲಕಿ ಕಣ್ಣಂಚು ಒದ್ದೆ ಮಾಡಿಕೊಂಡು ಕೇಳಿದಳು.

"ಎಲ್ವುಡ್, ಎಲ್ಲೂ ಆಗದ್ದು ಆ ಮನೇಲಿ ಹೇಗಾಯ್ತು? ಅಮ್ಮನ ನೆನಪಾ?"

ಎಲ್ವುಡ್ ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿ, ಬಾಗಿಲ ಕಡೆ ನೋಡಿದ.

"ಎದ್ರೆ ನಾಯಿ ಕಚ್ತಿತ್ತು."