ಸರೋಜಳ ಬಲಗೈ ಮತ್ತು ಹಿದುಕಿದ ಬೇಳೆ

1999ರ ಡಿಸೆಂಬರ್ 6, ಸೋಮವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ, ಗುಬ್ಬಿಯ ನಮ್ಮ ಮನೆಯ ಅಡುಗೆಮನೆಯಲ್ಲಿ ನನ್ನ ಹೆಂಡತಿ ಸರೋಜಳ ಬಲಗೈ ನಿಂತುಹೋಯಿತು.

ಅವಳು ತವದ ಮೇಲೆ ಅಕ್ಕಿ ರೊಟ್ಟಿ ತಟ್ಟುತ್ತಿದ್ದಳು. ಹಿಟ್ಟಿಗೆ ಸಬ್ಬಸಿಗೆ ಸೊಪ್ಪು, ಎಳೆ ಅವರೆಕಾಳು ಬಿದ್ದಿದ್ದವು. ಅರ್ಧ ರೊಟ್ಟಿ ತೆಳ್ಳಗಾಗಿತ್ತು. ಇನ್ನರ್ಧ ಉಂಡೆಯಾಗಿಯೇ ಉಳಿಯಿತು. ಬೆರಳುಗಳು ಹಿಟ್ಟಿನ ಮೇಲಿದ್ದವು, ಒತ್ತುತ್ತಿರಲಿಲ್ಲ.

“ರೀ, ಕೈ ಬರ್ತಿಲ್ಲ” ಎಂದಳು. ಮಾತು ತೊದಲಿತು.

ನಾನು ಮೊದಲು ನೋಡಿದ್ದು ಗೋಡೆ ಗಡಿಯಾರವನ್ನು. ತುಮಕೂರಿನ ದಿನಪತ್ರಿಕೆಯೊಂದಕ್ಕೆ ಹದಿನಾರು ವರ್ಷಗಳಿಂದ ನಾನು ಗುಬ್ಬಿಯ ವರದಿಗಾರ. ಏನೇ ನಡೆದರೂ ಎಷ್ಟು ಹೊತ್ತಿಗೆ ನಡೆಯಿತು ಎಂದು ಗುರುತು ಮಾಡಿಕೊಳ್ಳುವುದು ಅಭ್ಯಾಸ. ಆಮೇಲೆ ಅವಳನ್ನು ಹಿಡಿದುಕೊಂಡೆ. ಗಡಿಯಾರ ಮೊದಲು, ಹೆಂಡತಿ ಆಮೇಲೆ ಎಂದು ಅವಳು ಈಗಲೂ ಹಂಗಿಸುತ್ತಾಳೆ.

ಪಕ್ಕದ ಮನೆಯವರ ಕಾರಿನಲ್ಲಿ ತುಮಕೂರಿಗೆ ಹೋದೆವು. ತಲೆಯ ಸ್ಕ್ಯಾನ್ ಆಯಿತು. ಮೆದುಳಿನ ಎಡಭಾಗದಲ್ಲಿ ಸಣ್ಣ ರಕ್ತನಾಳವೊಂದು ಮುಚ್ಚಿಕೊಂಡಿತ್ತು. ಬಿಪಿ ನೂರ ತೊಂಬತ್ತು ದಾಟಿತ್ತು. ಅವಳಿಗೆ ಮೂವತ್ತೊಂಬತ್ತು ವರ್ಷ. ಬಿಪಿ ಇದೆ ಎಂಬುದೇ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ಸ್ಟ್ರೋಕ್.

ಮಾತು ನಾಲ್ಕು ದಿನದಲ್ಲಿ ತಿಳಿಯಾಯಿತು. ಬಲಗಾಲು ಎರಡು ವಾರದಲ್ಲಿ ಎಳೆಯುವುದನ್ನು ಬಿಟ್ಟಿತು. ಕೈಯಲ್ಲಿ ಭುಜ ಬಂತು, ಮೊಣಕೈ ಬಂತು. ಬೆರಳು ಬರಲಿಲ್ಲ. ಹೆಬ್ಬೆರಳು ಮತ್ತು ತೋರುಬೆರಳು ಒಂದನ್ನೊಂದು ಮುಟ್ಟುತ್ತಿದ್ದವು, ಆದರೆ ನಡುವೆ ಒಂದು ಕಾಗದದ ಚೂರನ್ನೂ ಹಿಡಿಯುತ್ತಿರಲಿಲ್ಲ.

ಸರೋಜ ಕಡಬದ ಕಡೆಯ ಸರ್ಕಾರಿ ಪ್ರಾಥಮಿಕ ಶಾಲೆಯ ಟೀಚರ್. ಒಂದು ಮತ್ತು ಎರಡನೇ ತರಗತಿ ಅವಳದು. ಬೋರ್ಡಿನ ಮೇಲೆ ದುಂಡಗೆ ಅಕ್ಷರ ಬರೆದು ತೋರಿಸುವುದೇ ಅಲ್ಲಿ ಅರ್ಧ ಪಾಠ. ಡಿಸ್ಚಾರ್ಜ್ ದಿನ ಅವಳು ಡಾಕ್ಟರನ್ನು ಕೇಳಿದ್ದು ಒಂದೇ ಪ್ರಶ್ನೆ: ಸೀಮೆಸುಣ್ಣ ಯಾವಾಗ ಹಿಡಿಯಬಹುದು.

“ಹೇಳಕ್ಕಾಗಲ್ಲಮ್ಮ. ಮೊದಲ ಮೂರು ತಿಂಗಳಲ್ಲಿ ಎಷ್ಟು ವಾಪಸ್ ಬರುತ್ತೋ, ಅದೇ ಮುಖ್ಯ.”

ಮೂರು ತಿಂಗಳೆಂದರೆ ಮಾರ್ಚ್ ಮೊದಲ ವಾರ. ಡಿಸ್ಚಾರ್ಜ್ ಹಾಳೆಯಲ್ಲಿ ಎರಡು ಸೂಚನೆಗಳಿದ್ದವು. ವಾರಕ್ಕೆರಡು ಸಲ ತುಮಕೂರಿಗೆ ಬಂದು ಫಿಸಿಯೋಥೆರಪಿ. ಉಪ್ಪು ಅರ್ಧಕ್ಕೆ.

ಮನೆಯಲ್ಲಿ ನಾವಿಬ್ಬರೇ. ನನಗೆ ಅಲ್ಲಿಯವರೆಗೆ ಮಾಡಲು ಬರುತ್ತಿದ್ದುದು ಕಾಫಿ ಮಾತ್ರ. ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಅವಳು ಹೇಳಿದಳು, ನಾನು ಮಾಡಿದೆ. ಮೊದಲ ವಾರದ ಸಾರುಗಳ ಬಗ್ಗೆ ಬರೆಯುವಂಥದ್ದೇನಿಲ್ಲ. ಎರಡನೇ ವಾರದಲ್ಲಿ ಒಂದು ವಿಷಯ ತಿಳಿಯಿತು. ಉಪ್ಪು ಕಡಿಮೆಯಾದ ಅಡುಗೆಯಲ್ಲಿ ಹಳೆಯ ತರಕಾರಿ ಬಚ್ಚಿಟ್ಟುಕೊಳ್ಳಲಾಗದು. ಎರಡು ದಿನ ಮೂಲೆಯಲ್ಲಿ ಬಿದ್ದಿದ್ದ ಬೀನ್ಸನ್ನು ಅರ್ಧ ಉಪ್ಪಿನಲ್ಲಿ ಬಾಯಿಗಿಡಲಾಗಲಿಲ್ಲ. ಆದರೆ ಒಂದು ದಿನ, ಅಂದೇ ಬೆಳಿಗ್ಗೆ ಕಿತ್ತ ಎಳೆ ಮೂಲಂಗಿಯನ್ನು ತುರಿದು, ಕಾಯಿತುರಿ, ನಿಂಬೆ ಹುಳಿ ಹಾಕಿ ಕೊಟ್ಟಾಗ ಸರೋಜ ಉಪ್ಪಿನ ಮಾತೇ ಎತ್ತಲಿಲ್ಲ.

ಅವತ್ತಿನಿಂದ ಆರೂವರೆಗೆ ಬಸ್ ನಿಲ್ದಾಣದ ಹತ್ತಿರ ಹೋಗಿ ನಿಲ್ಲತೊಡಗಿದೆ. ಹಳ್ಳಿಗಳಿಂದ ಹೆಂಗಸರು ಕುಕ್ಕೆ ಇಳಿಸುವುದು ಅಲ್ಲೇ. ಬೇರಿನ ಮಣ್ಣು ಇನ್ನೂ ಒದ್ದೆಯಿರುವ ದಂಟು, ಹಸಿ ತೊಗರಿಕಾಯಿ, ಮಂಜಿನ ಹನಿ ಆರದ ಕೊತ್ತಂಬರಿ. ಹದಿನಾರು ವರ್ಷ ಅದೇ ಜಾಗದಲ್ಲಿ ಅಪಘಾತ, ಧರಣಿಗಳ ಸುದ್ದಿ ಹುಡುಕಿದ್ದೆ. ಈ ಕುಕ್ಕೆಗಳನ್ನು ನೋಡಿರಲಿಲ್ಲ. ಈಗ ಏನು ಸಿಗುತ್ತದೋ ಎಂದು ಹೆಜ್ಜೆ ಬೇಗ ಬೇಗ ಬೀಳುತ್ತಿತ್ತು.

ಅಡುಗೆ ಸುಧಾರಿಸಿತು. ಕೈ ಸುಧಾರಿಸಲಿಲ್ಲ. ಫಿಸಿಯೋಥೆರಪಿಸ್ಟ್ ಕೊಟ್ಟ ರಬ್ಬರ್ ಚೆಂಡು ಮಂಚದ ಕೆಳಗೆ ಉರುಳಿ ಅಲ್ಲೇ ಉಳಿಯಿತು. ಬೆರಳು ಸೇರಿಸಿ ಒತ್ತುವ ಶಕ್ತಿಗೆ ಅವರು ಪಿಂಚ್ ಎನ್ನುತ್ತಿದ್ದರು. ಪ್ರತಿ ಸಲವೂ ಅವರು ಹೇಳಿದ್ದು, ಪಿಂಚ್ ಬಂದಿಲ್ಲ ಸರ್.

ಡಿಸೆಂಬರ್ 22ರಂದು ಅತ್ತೆ, ಎಂದರೆ ಸರೋಜಳ ತಾಯಿ, ಅಮೃತೂರಿನಿಂದ ಬಂದರು. ಜೊತೆಗೆ ಒಂದು ಮೂಟೆ ಅವರೆಕಾಯಿ. ಅವರ ರಾಗಿ ಹೊಲದಲ್ಲಿ ನಡುನಡುವೆ ಸಾಲಾಗಿ ಬಿತ್ತಿದ್ದು. ಮೂಟೆ ಬಿಚ್ಚಿದ ಕೂಡಲೇ ಮನೆಯೆಲ್ಲ ಸೊಗಡು. ಮಂಜು ಬಿದ್ದ ಅವರೆಯ ಸಿಪ್ಪೆಯಲ್ಲಿರುವ ಎಣ್ಣೆಯ ಘಮ ಅದು. ಕಾಯಿ ಸುಲಿದವರ ಬೆರಳಿಂದ ಎರಡು ದಿನ ಹೋಗುವುದಿಲ್ಲ.

ಆ ರಾತ್ರಿ ಕಾಳು ನೆನೆಹಾಕಿ, ಮರುದಿನ ಬೆಳಿಗ್ಗೆ ಅತ್ತೆ ಪಾತ್ರೆಯನ್ನು ಮಗಳ ಮುಂದೆ ಇಟ್ಟರು.

“ಕೂತ್ಕಂಡೇ ಇದೀಯಲ್ಲ, ಇದ್ನ ಹಿದುಕು.”

ಅವಳ ಕೈಯಲ್ಲಿ ಆಗುವುದಿಲ್ಲ, ಡಾಕ್ಟರೇ ಹೇಳಿದ್ದಾರೆ ಎಂದೆ.

“ಆಗ್ದಿದ್ರೆ ಬುಡ್ಲಿ ಅಳಿಯಂದ್ರೇ. ಕಾಳೇನು ಕಚ್ತದಾ?”

ಹಿದುಕುವುದೆಂದರೆ ಇಷ್ಟೇ: ನೆನೆದ ಕಾಳನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಒತ್ತಬೇಕು. ಸಿಪ್ಪೆ ಬೆರಳಲ್ಲಿ ಉಳಿಯುತ್ತದೆ, ಬೇಳೆ ಹಾರಿ ಬಟ್ಟಲಿಗೆ ಬೀಳುತ್ತದೆ. ಅವರೆ ಕಾಲದಲ್ಲಿ ನಮ್ಮ ಕಡೆ ಮನೆಮಂದಿಯೆಲ್ಲ ಕೂತು ಇದನ್ನೇ ಮಾಡುತ್ತಾರೆ. ಸರೋಜ ಇದನ್ನು ನಾಲ್ಕನೇ ವಯಸ್ಸಿನಿಂದ ಮಾಡಿದವಳು. ಚೆಂಡನ್ನು ಕಂಡರೆ ಮುಖ ತಿರುಗಿಸುತ್ತಿದ್ದವಳು ಕಾಳನ್ನು ಕೈಗೆ ತೆಗೆದುಕೊಂಡಳು.

ಕಾಳು ಜಾರಿತು. ಮತ್ತೆ ಹಿಡಿದಳು. ಮತ್ತೆ ಜಾರಿತು.

ನಾನು ವರದಿಯ ನೋಟ್‌ಬುಕ್ಕಿನ ಹಿಂಬದಿಯಲ್ಲಿ ದಿನಾಂಕ ಹಾಕಿ ಸೊನ್ನೆ ಬರೆದೆ. ದಿನಕ್ಕೆ ಅರ್ಧ ಗಂಟೆ ಅವಳು ಕೂತಳು, ಆರು ದಿನ ಸೊನ್ನೆಯನ್ನೇ ಬರೆದೆ. ಅವಳು ಹಿದುಕದಿದ್ದುದನ್ನು ಅತ್ತೆಯೂ ನಾನೂ ಹಿದುಕಿ ಸಾರು ಮಾಡಿದೆವು.

ಡಿಸೆಂಬರ್ 29, ಬುಧವಾರ, ಬೆಳಿಗ್ಗೆ ಹತ್ತೂಕಾಲು. ಒಂದು ಬೇಳೆ ಹಾರಿತು.

ಅದು ಅತ್ತೆಯ ಕನ್ನಡಕಕ್ಕೆ ತಗುಲಿ ಕೆಳಗೆ ಬಿತ್ತು. ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಳ್ಳುತ್ತಾ, “ಹೆತ್ತೋಳ್ಗೇ ಹೊಡೆದ್ಯಲ್ಲೇ” ಎಂದರು. ಸರೋಜ ನಕ್ಕಳು, ನಗುತ್ತಲೇ ಅತ್ತಳು. ಸುದ್ದಿಮನೆಯಲ್ಲಿ ದನಿ ಎತ್ತಬಾರದೆಂದು ಕಲಿತವನು ನಾನು. ಅಂದು ಪಕ್ಕದ ಮನೆಯವರು ಗಾಬರಿಯಾಗಿ ಬಾಗಿಲಿಗೆ ಬರುವಷ್ಟು ಜೋರಾಗಿ ಕೂಗಿದೆ.

ಮರುದಿನ ಮೂರು. ಅದರ ಮರುದಿನ, ಹೊಸ ಶತಮಾನದ ಸ್ವಾಗತದ ಸುದ್ದಿ ಬರೆದು ಕಚೇರಿಗೆ ಫ್ಯಾಕ್ಸ್ ಮಾಡಿ ಬಂದೆ. ನನ್ನ ಪಾಲಿನ ಸುದ್ದಿ ನೋಟ್‌ಬುಕ್ಕಿನ ಹಿಂಬದಿಯಲ್ಲಿತ್ತು: ಏಳು.

ಅಡುಗೆಮನೆಯಲ್ಲಿ ದಿನಕ್ಕೊಂದು ಬಗೆ. ಅವರೆಕಾಳು ಉಪ್ಪಿಟ್ಟು. ಅವರೆಕಾಳು, ಬದನೆಕಾಯಿಯ ಹುಳಿ. ನಾನು ತಟ್ಟಿದ ಮೊದಲ ಅಕ್ಕಿ ರೊಟ್ಟಿಯ ಆಕಾರ ನೋಡಿ ಅತ್ತೆ, ಇದು ಯಾವ ತಾಲ್ಲೂಕಿನ ನಕ್ಷೆ ಎಂದು ಕೇಳಿದರು. ಸೊಗಡಿರುವ ಕಾಳಿಗೆ ಅರ್ಧ ಉಪ್ಪು ಸಾಕಾಗುತ್ತಿತ್ತು. ಬಿಪಿ ನೂರ ನಲವತ್ತಕ್ಕೆ ಇಳಿಯಿತು.

ಜನವರಿ 8ಕ್ಕೆ ಲೆಕ್ಕ ಹತ್ತೊಂಬತ್ತಕ್ಕೆ ಬಂದು ನಿಂತಿತು. ಒಂಬತ್ತರಂದೂ ಹತ್ತೊಂಬತ್ತು. ಹತ್ತರಂದು ಹದಿನೆಂಟು. ಸರೋಜ ಬಟ್ಟಲನ್ನು ದೂರ ತಳ್ಳಿದಳು. ಇಷ್ಟೇ ಇರಬೇಕು ಬಿಡಿ ಎಂದಳು.

ಮುಂದೆ ನಾನು ಮಾಡಿದ್ದನ್ನು ನಡೆದಂತೆಯೇ ದಾಖಲಿಸುತ್ತೇನೆ. ಜನವರಿ 11ರಂದು ಅವಳು ನೀರು ಕುಡಿಯಲು ಎದ್ದಾಗ, ನಾನು ಹಿದುಕಿದ ಎಂಟು ಬೇಳೆಗಳನ್ನು ಅವಳ ಬಟ್ಟಲಿಗೆ ಹಾಕಿದೆ. ಎಣಿಸುತ್ತಿದ್ದವನು ನಾನೇ. ಇಪ್ಪತ್ತೇಳು ಎಂದೆ. ಅವಳ ಮುಖ ಅರಳಿತು. ಮರುದಿನ ಹತ್ತು ಸೇರಿಸಿದೆ. ಎಂಟು ದಿನ ಹೀಗೇ ನಡೆಯಿತು.

ಫಿಸಿಯೋಥೆರಪಿಸ್ಟ್ ನೋಟ್‌ಬುಕ್ ನೋಡಿ ಸಂತೋಷಪಟ್ಟರು. ಜೇಡಿಮಣ್ಣು ಒತ್ತಿಸುವ ವ್ಯಾಯಾಮ ನಿಲ್ಲಿಸಿ ನೇರವಾಗಿ ಪೆನ್ನು ಕೊಟ್ಟರು. ಪೆನ್ನು ಜಾರಿತು. ಹತ್ತು ಸಲ ಕೊಟ್ಟರು, ಹತ್ತು ಸಲವೂ ಜಾರಿತು. ಇಷ್ಟು ಬೇಳೆ ಹಿದುಕುವವರಿಗೆ ಇದು ಬರಬೇಕಲ್ಲ ಎಂದು ಅವರು ತಮ್ಮಷ್ಟಕ್ಕೆ ಎಂಬಂತೆ ಹೇಳಿದರು. ನಾನು ನೋಟ್‌ಬುಕ್ ಮಡಚಿ ಚೀಲಕ್ಕೆ ಹಾಕಿದೆ. ಬಸ್ಸಿನಲ್ಲಿ ಗುಬ್ಬಿಗೆ ವಾಪಸಾದೆವು. ಮನೆಗೆ ಬಂದು ಚಪ್ಪಲಿ ಬಿಡುತ್ತಾ ಸರೋಜ ಹೇಳಿದಳು.

“ರಾಜೀನಾಮೆ ಬರ್ದುಬಿಡಿ. ಎಡಗೈಲಿ ಸೈನ್ ಹಾಕ್ತೀನಿ.”

ಎಡಗೈಯ ಸಹಿ.

ನಾನು ಸೇರಿಸಿದ ಬೇಳೆಗಳು ಅವಳನ್ನು ಅಲ್ಲಿಗೆ ತಂದು ನಿಲ್ಲಿಸಿದ್ದವು. ಆದರೂ ಅವತ್ತು ಹೇಳುವ ಧೈರ್ಯ ಬರಲಿಲ್ಲ.

ಮರುದಿನ, ಜನವರಿ 19ರಂದು, ಅವಳೇ ಕಂಡುಹಿಡಿದಳು. ಹಿಂದಿನ ದಿನದ ಬೇಳೆ ಬಟ್ಟಲಲ್ಲಿ ಉಳಿದಿತ್ತು. ಎಡಗೈಯಲ್ಲಿ ಸುಮ್ಮನೆ ಕೆದಕುತ್ತಿದ್ದವಳು ಒಂದು ಬೇಳೆಯನ್ನು ಎತ್ತಿ ಬೆಳಕಿಗೆ ಹಿಡಿದಳು. ಅದು ಎರಡು ಹೋಳಾಗಿತ್ತು, ಬದಿಯಲ್ಲಿ ಉಗುರಿನ ಗುರುತಿತ್ತು. ಬಲವಿಲ್ಲದ ಅವಳ ಬೆರಳಿಂದ ಬೇಳೆ ನಿಧಾನವಾಗಿ, ಇಡಿಯಾಗಿ ಹೊರಬರುತ್ತಿತ್ತು. ಉಗುರು ಊರುವುದು ನಾನು. ಹೋಳಾದವುಗಳನ್ನೆಲ್ಲ ಅವಳು ಬೇರೆ ಮಾಡಿ ಸಾಲಾಗಿ ಇಟ್ಟಳು. ಅತ್ತೆ ಎದ್ದು ಹಿತ್ತಿಲಿಗೆ ಹೋದರು.

“ಇವು ನನ್ ಕೈಯವಲ್ಲ.”

ಹೌದು ಎಂದೆ.

“ಊರೋರ ಸುದ್ದೀಲಿ ಒಂದು ಅಂಕಿ ತಪ್ಪಿದ್ರೆ ಮಾರ್ನೇ ದಿನ ತಿದ್ದುಪಡಿ ಹಾಕ್ತೀರಿ. ನನ್ ಕೈಗೆ ಹಾಕಕ್ಕೇನಾಗಿತ್ತು?”

ನೋಟ್‌ಬುಕ್ ತೆಗೆದೆ. ಪ್ರತಿದಿನ ಎಷ್ಟು ಸೇರಿಸಿದ್ದೆನೋ ಅದು ನೆನಪಿತ್ತು. ಎಂಟು ದಿನದ ಸಂಖ್ಯೆಗಳ ಮೇಲೆ ಗೆರೆ ಎಳೆದು ಕೆಳಗೆ ತಿದ್ದುಪಡಿ ಎಂದು ಬರೆದೆ. ಅವಳು ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. ಒಂದೊಂದೇ ಕಳೆಯುತ್ತಾ ಬಂದೆ: ಹತ್ತೊಂಬತ್ತು, ಹತ್ತೊಂಬತ್ತು, ಇಪ್ಪತ್ತು, ಹತ್ತೊಂಬತ್ತು, ಇಪ್ಪತ್ತೊಂದು, ಇಪ್ಪತ್ತೊಂದು, ಇಪ್ಪತ್ತೆರಡು, ಇಪ್ಪತ್ಮೂರು.

ಕೊನೆಯ ಅಂಕಿಯ ಮೇಲೆ ಅವಳು ಬೆರಳಿಟ್ಟಳು.

“ಇದು ನಿಜ್ವಾ?”

“ನಿಜ.”

“ಹಂಗಾದ್ರೆ ಕೈ ನಿಂತಿರ್ಲಿಲ್ಲ ಕಣ್ರೀ.”

ನಿಂತಿರಲಿಲ್ಲ. ದಿನಕ್ಕೆ ಅರ್ಧ ಬೇಳೆಯಷ್ಟು ನಿಧಾನವಾಗಿ, ಆದರೆ ಏರುತ್ತಲೇ ಇತ್ತು. ಆ ಏರಿಕೆಯನ್ನು ನನ್ನ ಸುಳ್ಳು ಮುಚ್ಚಿತ್ತು. ನಿಜವಾದ ಸಂಖ್ಯೆಯೇ ಅವಳಿಗೆ ಸಾಕಾಗುತ್ತಿತ್ತು ಎಂಬುದು ನನಗೆ ಹೊಳೆದಿರಲಿಲ್ಲ. ಕೋಪ ಅವಳಿಗೆ ಎರಡು ದಿನ ಇತ್ತು. ಆ ಎರಡು ದಿನ ನನ್ನ ಸಾರಿನಲ್ಲಿ ತಪ್ಪು ಹುಡುಕಿದಳು, ಸಿಕ್ಕವು. ರಾಜೀನಾಮೆಯ ಮಾತು ಮತ್ತೆ ಬರಲಿಲ್ಲ. ಫಿಸಿಯೋಥೆರಪಿಸ್ಟ್‌ಗೆ ಎಲ್ಲ ಹೇಳಿದೆ. ಅವರು ಪೆನ್ನು ಒಳಗಿಟ್ಟು ಮತ್ತೆ ಜೇಡಿಮಣ್ಣು, ಬಟ್ಟೆ ಕ್ಲಿಪ್ಪು ಕೊಟ್ಟರು. ಅಂದಿನಿಂದ ಎಣಿಸುವವಳು ಅವಳೇ. ಪ್ರತಿ ಅಂಕಿಯ ಮುಂದೆ ಎಡಗೈಯಲ್ಲಿ ಒಂದು ಗೀಟು ಹಾಕುತ್ತಿದ್ದಳು.

ತಿಂಗಳ ಕೊನೆಗೆ ಮೂವತ್ತೆಂಟು. ಫೆಬ್ರವರಿ ಮೊದಲ ವಾರ ಅರವತ್ತು ದಾಟಿತು. ಅತ್ತ ಅವರೆ ಮುಗಿಯುತ್ತಾ ಬಂತು. ಕುಕ್ಕೆಗಳಲ್ಲಿ ಕಾಯಿ ಹಳದಿಯಾಗಿತ್ತು, ಸೊಗಡು ಇಳಿದಿತ್ತು. ನಾನು ಗುಬ್ಬಿ, ತುಮಕೂರು ಎರಡೂ ಕಡೆ ಹುಡುಕತೊಡಗಿದೆ. ಕಾಯಿ ಒಣಗುವ ಮುಂಚೆ ಕೈ ಎಲ್ಲಿಗೆ ಮುಟ್ಟುತ್ತದೆ ಎಂಬ ಆತುರ. ಊರಿಗೆ ಹೋಗಿದ್ದ ಅತ್ತೆ, ತಡವಾಗಿ ಬಿತ್ತಿದ ಹೊಲವೊಂದರ ಕಾಯಿಯನ್ನು ಕೇಳಿ ತಂದರು. ಇನ್ನು ಸಿಗದು ಎಂದರು.

ಫೆಬ್ರವರಿ 13, ಭಾನುವಾರ. ಸರೋಜ ಒಬ್ಬಳೇ ಕೂತಳು. ನಮ್ಮನ್ನು ಹತ್ತಿರ ಬಿಡಲಿಲ್ಲ. ನಡುವೆ ಮೂರು ಸಲ ಕೈಗೆ ಬಿಸಿನೀರಿನ ಶಾಖ ಕೊಟ್ಟುಕೊಂಡು, ಮೂರು ಗಂಟೆಯಲ್ಲಿ ಒಂದು ಪಾವು ತುಂಬ ಬೇಳೆ ಹಿದುಕಿದಳು. ಒಂದೂ ಹೋಳಾಗಿರಲಿಲ್ಲ.

ಸಾರು ಮಾಡಿದ್ದು ನಾನು. ಈರುಳ್ಳಿ, ಹಸಿ ಶುಂಠಿ, ಬೆಳ್ಳುಳ್ಳಿ ಬಾಡಿಸಿ, ಧನಿಯ, ಗಸಗಸೆ, ಚಕ್ಕೆ, ಲವಂಗ, ಕಾಯಿತುರಿಯ ಜೊತೆ ರುಬ್ಬಿದೆ. ಬೇಳೆ ಕರಗದಂತೆ ಸಣ್ಣ ಉರಿಯಲ್ಲಿ ಬೇಯಿಸಿ ಮಸಾಲೆ ಬೆರೆಸಿದೆ. ಉಪ್ಪು ಅರ್ಧ. ಇಳಿಸುವಾಗ ಕೊತ್ತಂಬರಿ, ಅರ್ಧ ಹೋಳು ನಿಂಬೆ. ಅತ್ತೆ ಮುದ್ದೆ ತಿರುವಿದರು.

ಎರಡು ತಿಂಗಳಿಂದ ಸರೋಜ ಮುದ್ದೆ ಮುಟ್ಟಿರಲಿಲ್ಲ. ತಾಯಿ ತಿನ್ನಿಸಹೋದರೆ ಬೇಡ ಎನ್ನುತ್ತಿದ್ದಳು, ಎಡಗೈಯಲ್ಲಿ ಚಮಚ ಹಿಡಿದು ಅನ್ನವನ್ನೇ ತಿನ್ನುತ್ತಿದ್ದಳು. ಅಂದು ತಟ್ಟೆಗೆ ಬಲಗೈ ಇಟ್ಟಳು. ಹಬೆಯಾಡುವ ಮುದ್ದೆಗೆ ಎರಡು ಬೆರಳು ಊರಿದಳು.

ತುತ್ತು ಮುರಿಯಿತು.

ಸಾರಿನಲ್ಲಿ ಅದ್ದಿ ನುಂಗಿದಳು. ಎರಡನೆಯದು ಮುರಿದಳು. ಏನನ್ನಿಸಿತು ಎಂದು ಕೇಳಿದೆ. ಅದೂ ಅಭ್ಯಾಸ.

“ಶುಂಠಿ ಜಾಸ್ತಿ ಆಯ್ತು” ಎಂದಳು. ಮುದ್ದೆ ಪೂರ್ತಿ ಮುಗಿಸಿದಳು.

ಮಾರ್ಚ್ 8ರಂದು ಡಾಕ್ಟರ್ ಬೆರಳುಗಳನ್ನು ಪರೀಕ್ಷಿಸಿ, ಶಾಲೆಗೆ ಹೋಗಬಹುದು ಎಂದು ಸರ್ಟಿಫಿಕೇಟ್ ಬರೆದರು. ಕೈ ಪೂರ್ತಿ ಮೊದಲಿನಂತಾಗುತ್ತದೆಂದು ಮಾತು ಕೊಡಲಾರೆ ಎಂದರು. ಬಂದಷ್ಟಕ್ಕೇ ನಾವು ಇಬ್ಬರೂ ಕೈ ಮುಗಿದು ಬಂದೆವು. ಬಿಪಿ ಮಾತ್ರೆ ಜೀವನಪೂರ್ತಿ. ಅಡುಗೆ ಈಗ ಒಂದು ಹೊತ್ತು ಅವಳದು, ಒಂದು ಹೊತ್ತು ನನ್ನದು. ಕುಕ್ಕೆಗಳಲ್ಲಿ ಈಗ ಹುಣಸೆ ಚಿಗುರು, ಎಳೆ ಮಾವಿನಕಾಯಿ ಬಂದಿವೆ.

ಮಾರ್ಚ್ 20, ಸೋಮವಾರ, ಸರೋಜ ಕೆಲಸಕ್ಕೆ ಹಾಜರಾದಳು.

ಇದು ಏಪ್ರಿಲ್ ಮೊದಲ ವಾರ. ಬೋರ್ಡಿನ ಮೇಲೆ ಬಲಗೈ ದಣಿಯುವ ಮುಂಚೆ ನಾಲ್ಕು ಸಾಲು ಬರೆಯುತ್ತಾಳೆ. ಐದನೇ ಸಾಲನ್ನು ಎಡಗೈಯಲ್ಲಿ ಬರೆಯುತ್ತಾಳೆ.